ತಾತ ಕೊಟ್ಟ ರಾಜೀನಾಮೆ: ಅವಧಿಗೆ ಮುಂಚೆ ಬಿಟ್ಟು ಹೋದ್ರೆ ಓನರ್ ಏನ್ಮಾಡ್ತಾರೆ?

ಇವತ್ತಿನ ಕಥೆ ಒಂದು ಬೀಗದ ಕೈಯಿಂದ ಶುರುವಾಗುತ್ತೆ.

2023ರ ಏಪ್ರಿಲ್ ಕೊನೆ. ಜಾಗ ಕೆಂಗಲ್. ರಾಮನಗರ ದಾಟಿ ಚನ್ನಪಟ್ಟಣಕ್ಕೆ ಹೋಗೋ ಹಳೇ ಹೆದ್ದಾರಿಯಲ್ಲಿ ಆಂಜನೇಯನ ಗುಡಿ ಇದೆಯಲ್ಲ, ಅಲ್ಲಿಂದ ಸ್ವಲ್ಪ ದೂರದಲ್ಲಿ ನಮ್ಮ ಚಿಕ್ಕಪ್ಪನ ಟೀ ಅಂಗಡಿ. ಬರೀ ಟೀ ಅಲ್ಲ, ಬೆಳಗ್ಗೆ ಇಡ್ಲಿ, ಸಂಜೆ ಬೋಂಡಾ. ಮೈಸೂರಿಗೆ ಹೋಗೋ ಕಾರುಗಳು ನಿಲ್ಲಿಸ್ತಿದ್ವು. ಸಂಕ್ರಾಂತಿ ಆಸುಪಾಸಿನ ದನಗಳ ಜಾತ್ರೆ ಟೈಮಲ್ಲಂತೂ ಕೂರೋಕೆ ಜಾಗ ಇರ್ತಿರಲಿಲ್ಲ.

ಆಮೇಲೆ ಬೈಪಾಸ್ ಬಂತು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ಕ್ಕೆ. ಅದಕ್ಕೂ ಮೊದಲೇ ಹಂತಹಂತವಾಗಿ ಗಾಡಿಗಳನ್ನ ಬಿಟ್ಟಿದ್ರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ರಸ್ತೆ ನೇರ ಹೋಯ್ತು. ಹಳೇ ರಸ್ತೆಯ ಹೋಟೆಲಿನವರು, ಬೊಂಬೆ ಅಂಗಡಿಯವರು ವ್ಯಾಪಾರ ಬಿದ್ದೋಯ್ತು ಅಂತ ಹೇಳಿದ್ದು ಪೇಪರ್‌ಗಳಲ್ಲೂ ಬಂತು. ನಮ್ಮ ಚಿಕ್ಕಪ್ಪ ಅವರಲ್ಲಿ ಒಬ್ರು, ಅಷ್ಟೇ.

ಅವರ ಅಗ್ರಿಮೆಂಟ್ 3 ವರ್ಷದ್ದು. 2021ರ ಜೂನ್‌ನಿಂದ 2024ರ ಮೇ ತನಕ. ಬಾಡಿಗೆ ತಿಂಗಳಿಗೆ 8,000, ಅಡ್ವಾನ್ಸ್ 1,20,000. ಇನ್ನೂ 13 ತಿಂಗಳು ಬಾಕಿ ಇರುವಾಗ ಚಿಕ್ಕಪ್ಪ ಹೋಗಿ ಓನರ್ ಕೈಗೆ ಬೀಗದ ಕೈ ಕೊಟ್ರು. ಓನರ್ ಕ್ಯಾಲೆಂಡರ್ ಹಿಂದೆ ಪೆನ್ನಲ್ಲಿ ಲೆಕ್ಕ ಹಾಕಿದ್ರು. 13 ತಿಂಗಳು ಇಂಟು 8,000, 1,04,000. ಅಡ್ವಾನ್ಸಲ್ಲಿ ಅದು ಹೋದ್ರೆ ಉಳಿದಿದ್ದು 16,000. 'ತಗೊಳ್ಳಪ್ಪ' ಅಂದ್ರು.

ಚಿಕ್ಕಪ್ಪ ಮನೆಗೆ ಬಂದು ಇದನ್ನ ಹೇಳುವಾಗ ಅಜ್ಜಿ ಮೂಲೆಯಲ್ಲಿ ಕೂತು ಅವರೆಕಾಯಿ ಸುಲೀತಿದ್ರು. ತಲೆ ಎತ್ತದೇ ಒಂದು ಮಾತು ಹೇಳಿದ್ರು: 'ನಿಮ್ಮಪ್ಪನೂ ಹಿಂಗೇ ರಾಜೀನಾಮೆ ಬರ್ಕೊಟ್ರು.'

ನನಗೆ ಅರ್ಥ ಆಗ್ಲಿಲ್ಲ. ತಾತ ಯಾವತ್ತೂ ಕೆಲಸದಲ್ಲೇ ಇರಲಿಲ್ಲ. ಇಲ್ಲದ ಕೆಲಸಕ್ಕೆ ಯಾವ ರಾಜೀನಾಮೆ? ಇವತ್ತಿನ ಸಂಚಿಕೆ ಆ ಒಂದು ಪದದ ಬೆನ್ನು ಹತ್ತಿ ಹೋದ ಕಥೆ.

ಮೊದಲು ಪದ ನೋಡೋಣ. ರಾಜಿ ಅಂದ್ರೆ ಒಪ್ಪಿಗೆ. ನಾಮೆ ಅಂದ್ರೆ ಪತ್ರ. ಪಾರ್ಸಿಯಿಂದ ಬಂದ ಪದ. ಇವತ್ತು ಮಂತ್ರಿಗಳು ಕೊಡ್ತಾರೆ, ಐಟಿಯವರು ಕೊಡ್ತಾರೆ. ಆದ್ರೆ ನಮ್ಮ ಕಂದಾಯ ಇಲಾಖೆಯ ಹಳೇ ಭಾಷೆಯಲ್ಲಿ ರಾಜೀನಾಮೆ ಅಂದ್ರೆ ರೈತ 'ಈ ಜಮೀನು ನಂಗೆ ಬೇಡ, ಬಿಟ್ಟಿದ್ದೀನಿ' ಅಂತ ಬರ್ಕೊಡೋ ಕಾಗದ. ಅದನ್ನ ಇನ್ನೊಬ್ಬ ತಗೊಂಡ್ರೆ ಅವನು ಬರ್ಕೊಡೋದು ಕಬೂಲಾಯಿತಿ. ಒಬ್ಬ ಬಿಟ್ಟೆ ಅಂತಾನೆ, ಇನ್ನೊಬ್ಬ ಹಿಡಿದೆ ಅಂತಾನೆ. ಎರಡು ಕಾಗದ, ಒಂದು ಜೋಡಿ.

ಇದು ಎಲ್ಲಿಂದ ಬಂತು? ಮೈಸೂರು ಸಂಸ್ಥಾನ 1831ರಿಂದ 1881ರ ತನಕ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತಲ್ಲ, ಆಗ 1863ರಲ್ಲಿ ಬಾಂಬೆ ಮಾದರಿಯ ಸರ್ವೆ ಶುರುವಾಯ್ತು. ಹೊಲ ಹೊಲಕ್ಕೂ ನಂಬರ್, ನಂಬರ್‌ಗೆ ಇಷ್ಟು ಕಂದಾಯ. ನಡುವೆ ದೊಡ್ಡ ಜಮೀನ್ದಾರ ಇಲ್ಲ. ಅಂದ್ರೆ ಒಂಥರಾ ಸರ್ಕಾರನೇ ಊರಿನ ಅತಿ ದೊಡ್ಡ ಓನರ್. ಈ ಓನರ್‌ಗೂ ನಮ್ಮ ಕೆಂಗಲ್ ಓನರ್‌ಗೂ ಒಂದೇ ತಲೆನೋವು: ಹಿಡಿದವನು ಮಧ್ಯದಲ್ಲಿ ಬಿಟ್ಟು ಹೋದ್ರೆ ಆ ವರ್ಷದ ದುಡ್ಡು ಯಾರು ಕೊಡ್ತಾರೆ? ಅದಕ್ಕೆ ಉತ್ತರ ಸರಳವಾಗಿತ್ತು. ಬಿಡ್ತೀಯಾ, ಬಿಡು. ಆದ್ರೆ ನಿಗದಿತ ದಿನದೊಳಗೆ ರಾಜೀನಾಮೆ ಕೊಡು. ದಿನ ದಾಟಿದ್ರೆ ಮುಂದಿನ ಕಂದಾಯ ನಿನ್ನ ತಲೆ ಮೇಲೆ. ಇವತ್ತಿನ ನೋಟಿಸ್ ಪೀರಿಯಡ್ ಅಂತೀವಲ್ಲ, ಅದರ ಮುತ್ತಾತ.

ಈ ವ್ಯವಸ್ಥೆಯ ಪರೀಕ್ಷೆ ಬಂದಿದ್ದು 1876ರಿಂದ 78ರ ಬರದಲ್ಲಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಜನ ಹೆಚ್ಚೋ ಬದಲು ಎಂಟೂಮುಕ್ಕಾಲು ಲಕ್ಷ ಕಡಿಮೆ. ಊರು ಬಿಟ್ಟು ಹೊರಟವನು ತಾಲ್ಲೂಕು ಕಚೇರಿಗೆ ಹೋಗಿ ಕಾಗದ ಕೊಟ್ಟು ಹೋಗ್ತಾನಾ? ಹೊಲ ಬೀಳು ಬಿದ್ವು, ಅಷ್ಟೇ. ರಾಮನಗರ, ಚನ್ನಪಟ್ಟಣದ ಮೇಲೆ ಹೋಗೋ ಬೆಂಗಳೂರು–ಮೈಸೂರು ರೈಲು ಹಾದಿ ಶುರುವಾಗಿದ್ದೇ ಆ ಬರದ ಕಾಮಗಾರಿಯಾಗಿ. ಹೊಲ ಬಿಟ್ಟವನಿಗೆ ಮಣ್ಣು ಹೊರೋ ಕೂಲಿ. ಗುಳೆ ಹೋದವನ ಹತ್ರ ಬಾಕಿ ವಸೂಲಿ ಮಾಡೋದು ಎಂಥಾ ಓನರ್‌ಗೂ ಆಗದ ಕೆಲಸ.

ಈಗ ಕಾನೂನಿಗೆ ಬರೋಣ. ನಿದ್ದೆ ಮಾಡ್ಬೇಡಿ, ಚಿಕ್ಕದಾಗಿ ಹೇಳ್ತೀನಿ.

1882ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಆಸ್ತಿ ವರ್ಗಾವಣೆ ಕಾಯ್ದೆ ಬಂತು. ಇವತ್ತಿಗೂ ನಮ್ಮ ಅಂಗಡಿ, ಮನೆ ಬಾಡಿಗೆಗಳ ಬುನಾದಿ ಅದೇ. ಅದು ಹೇಳೋದು: ಒಪ್ಪಂದದಲ್ಲಿ ಬೇರೆ ಏನೂ ಬರೆದಿಲ್ಲ ಅಂದ್ರೆ ವ್ಯವಸಾಯದ ಅಥವಾ ಕಾರ್ಖಾನೆಯ ಲೀಸ್ ವರ್ಷದಿಂದ ವರ್ಷಕ್ಕೆ ನಡೆಯುತ್ತೆ, ಬಿಡೋಕೆ 6 ತಿಂಗಳ ನೋಟಿಸ್. ಮಿಕ್ಕಿದ್ದು ತಿಂಗಳಿಂದ ತಿಂಗಳಿಗೆ, 15 ದಿನದ ನೋಟಿಸ್. ಆದ್ರೆ ಕಾನೂನಿನ ಪ್ರಕಾರ ಇಷ್ಟು ವರ್ಷ ಅಂತ ಕಟ್ಟಿಕೊಂಡ್ರೆ, ಮಧ್ಯದಲ್ಲಿ ಬಿಡೋ ಹಕ್ಕು ಅಗ್ರಿಮೆಂಟಲ್ಲೇ ಇರ್ಬೇಕು, ಇಲ್ಲ ಓನರ್ ಒಪ್ಪಬೇಕು.

ಚಿಕ್ಕಪ್ಪನ ವಾದ ಏನು ಗೊತ್ತಾ? 'ನಾನೆಲ್ಲಪ್ಪ ಬಿಟ್ಟೆ? ರಸ್ತೆನೇ ನನ್ನ ಬಿಟ್ಟು ಹೋಯ್ತು!' ಕೇಳೋಕೆ ನ್ಯಾಯ ಅನ್ಸುತ್ತೆ. ಆದ್ರೆ ಇದಕ್ಕಿಂತ ದೊಡ್ಡ ಕಷ್ಟ ಇಟ್ಕೊಂಡು ಒಬ್ರು ಸುಪ್ರೀಂ ಕೋರ್ಟಿಗೆ ಹೋಗಿದ್ರು. 1947ರಲ್ಲಿ ಪಂಜಾಬಲ್ಲಿ ಜಮೀನು ಲೀಸಿಗೆ ತಗೊಂಡು ಹಣ ಕಟ್ಟಿದ್ರು. ದೇಶ ಭಾಗ ಆಯ್ತು. ಜಮೀನು ಪಾಕಿಸ್ತಾನಕ್ಕೆ ಹೋಯ್ತು, ಇವರು ಜೀವ ಉಳಿಸ್ಕೊಂಡು ಈ ಕಡೆ ಬಂದ್ರು. ಕಟ್ಟಿದ ಗೇಣಿ ವಾಪಸ್ ಕೊಡಿ ಅಂತ ಕೇಸು. ರಾಜಾ ಧ್ರುವ ದೇವ್ ಚಂದ್ ಪ್ರಕರಣ ಅಂತ ಅದರ ಹೆಸರು, 1968ರ ತೀರ್ಪು. ಕೋರ್ಟ್ ಇಲ್ಲ ಅಂತು. ಪರಿಸ್ಥಿತಿ ಬದಲಾಯ್ತು ಅನ್ನೋ ಕಾರಣಕ್ಕೆ ಸಾಮಾನ್ಯ ಒಪ್ಪಂದ ಮುರಿದು ಬೀಳಬಹುದು; ಆದ್ರೆ ಲೀಸ್‌ನಲ್ಲಿ ಆಸ್ತಿಯ ಹಕ್ಕು ಆಗಲೇ ಕೈ ಬದಲಾಗಿರುತ್ತೆ, ಹಾಗಾಗಿ ಆ ನಿಯಮ ಇಲ್ಲಿ ನಡೆಯಲ್ಲ ಅಂತ. ಬೆಂಕಿ, ಬಿರುಗಾಳಿ, ಪ್ರವಾಹದಿಂದ ಆ ಆಸ್ತಿಯೇ ಹಾಳಾಗಿದ್ರೆ ಮಾತ್ರ ಬಾಡಿಗೆದಾರ ಲೀಸ್ ಮುಗೀತು ಅನ್ನಬಹುದು. 2020ರ ಲಾಕ್‌ಡೌನಲ್ಲಿ ದೆಹಲಿಯ ಖಾನ್ ಮಾರ್ಕೆಟಿನ ಒಂದು ಅಂಗಡಿ ಕೇಸಲ್ಲೂ ದೆಹಲಿ ಹೈಕೋರ್ಟ್ ಇದೇ ದಾರಿ ಹಿಡೀತು, ಬಾಡಿಗೆಗೆ ತಡೆ ಕೊಡ್ಲಿಲ್ಲ.

ಗಡಿ ಸರಿದ್ರೂ ಲೀಸ್ ನಿಂತಿರುತ್ತೆ ಅಂದ್ಮೇಲೆ, ರಸ್ತೆ ಸರಿದಿದ್ದು ಯಾವ ಲೆಕ್ಕ? ಚಿಕ್ಕಪ್ಪನ ವಾದ ಅಲ್ಲಿಗೆ ಬಿತ್ತು.

ಈಗ ತಾತನ ಕಥೆ.

ಅಜ್ಜಿ ಟ್ರಂಕಿನಿಂದ ಒಂದು ಕಾಗದ ತೆಗೆದು ತೋರಿಸಿದ್ರು. 1967ರದ್ದು. ಒಂದೂವರೆ ಎಕರೆ ರಾಗಿ ಹೊಲ. ತಾತ ಅದನ್ನ ವಾರಕ್ಕೆ ಮಾಡ್ತಿದ್ರು, ಅಂದ್ರೆ ಬೆಳೆದಿದ್ದರಲ್ಲಿ ಅರ್ಧ ಜಮೀನಿನ ಒಡೆಯರಿಗೆ. ಕಾಗದದಲ್ಲಿ ಇದ್ದಿದ್ದು ಇಷ್ಟು: ನನ್ನ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ. ಕೆಳಗೆ ಹೆಬ್ಬೆಟ್ಟು. ಒಡೆಯರು ಜಗಲಿ ಮೇಲೆ ಕೂರಿಸಿ, ಕಾಫಿ ಕೊಟ್ಟು, ಎರಡು ಪಲ್ಲ ರಾಗಿ, ಅಜ್ಜಿಗೊಂದು ಸೀರೆ ಕೊಟ್ಟು ಕಳಿಸಿದ್ರಂತೆ. ಒಂದು ಗದರಿಕೆ ಇಲ್ಲ. ನಮ್ಮ ಮನೇಲಿ ಅವರನ್ನ ಇವತ್ತಿಗೂ ಒಳ್ಳೇ ಮನುಷ್ಯ ಅಂತಲೇ ಹೇಳ್ತಾರೆ.

ನಾನೂ ಹಾಗೇ ಅನ್ಕೊಂಡಿದ್ದೆ. ಆ ವರ್ಷಗಳ ಕಾನೂನು ಓದೋ ತನಕ.

1950ರ ದಶಕದಿಂದಲೇ ಗಾಳಿ ಯಾವ ಕಡೆ ಬೀಸ್ತಿದೆ ಅಂತ ಜಮೀನಿದ್ದವರಿಗೆ ಗೊತ್ತಾಗಿತ್ತು. ಇದೇ ಕೆಂಗಲ್ ಅನ್ನೋ ಹೆಸರನ್ನ ತಮ್ಮ ಹೆಸರಿನ ಮುಂದೆ ಹೊತ್ತ ಹನುಮಂತಯ್ಯನವರು ಮುಖ್ಯಮಂತ್ರಿ ಆಗಿದ್ದಾಗ, 1954ರಲ್ಲಿ, ಇನಾಂ ರದ್ದತಿ ಕಾಯ್ದೆ ಬಂತು. ಆಮೇಲೆ ಬಿ.ಡಿ. ಜತ್ತಿ ಸಮಿತಿ, 1961ರ ಭೂಸುಧಾರಣಾ ಕಾಯ್ದೆ. ಅದು ಜಾರಿಗೆ ಬಂದಿದ್ದು 1965ರ ಅಕ್ಟೋಬರ್ 2ಕ್ಕೆ. ಗೇಣಿದಾರನನ್ನ ಸುಮ್ನೆ ಎಬ್ಬಿಸೋಕೆ ಆಗಲ್ಲ ಅನ್ನೋ ಕಾಲ. ಎಬ್ಬಿಸೋಕೆ ಆಗಲ್ಲ ಅಂದ್ರೆ ಏನ್ಮಾಡ್ತಾರೆ? ಅವನೇ ಎದ್ದು ಹೋದ ಅಂತ ಬರೆಸ್ಕೋತಾರೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ, ದೇಶದ ಕಥೆ. 1956ರ ಎರಡನೇ ಪಂಚವಾರ್ಷಿಕ ಯೋಜನೆಯಲ್ಲೇ ಈ 'ಸ್ವಇಚ್ಛೆಯ ಬಿಟ್ಟುಕೊಡುವಿಕೆ' ಬಗ್ಗೆ ಅನುಮಾನ ಇದೆ. ನಮ್ಮ ಭೂಸುಧಾರಣಾ ಕಾಯ್ದೆಯ 25ನೇ ಕಲಂ ಅಂತೂ ವಿಚಿತ್ರವಾದ ಮಾತು ಹೇಳ್ತು. ಗೇಣಿದಾರ ತಾನಾಗೇ ಬಿಡ್ತೀನಿ ಅಂದ್ರೂ ಬಿಡೋ ಹಾಗಿಲ್ಲ, ಒಡೆಯ ಆ ಜಮೀನಿಗೆ ಕಾಲಿಡೋ ಹಾಗಿಲ್ಲ. ಮೊದಲು ಲಿಖಿತ ಅನುಮತಿ ಬೇಕು, ಇವನು ನಿಜವಾಗಿ ಒಪ್ಪಿ ಬಿಡ್ತಿದ್ದಾನಾ ಅಂತ ವಿಚಾರಣೆ ಆಗ್ಬೇಕು.

ಸ್ವಲ್ಪ ಯೋಚನೆ ಮಾಡಿ. 1882ರ ಕಾನೂನಿನ ಭಯ, ಬಾಡಿಗೆದಾರ ಓಡಿ ಹೋಗ್ತಾನೆ ಅಂತ. 1961ರ ಕಾನೂನಿನ ಭಯ, ಅವನನ್ನ ಓಡಿಸಿ, ಅವನೇ ಓಡಿದ ಅಂತ ಬರೀತಾರೆ ಅಂತ. ರಾಜೀನಾಮೆ ಅಂದ್ರೆ ಒಪ್ಪಿಗೆ ಪತ್ರ ಅಲ್ವಾ? ಆ ಒಪ್ಪಿಗೆ ಯಾರದು ಅಂತ ಕೇಳಿದ್ದು ಈ ಕಾನೂನು.

ತಾತನ್ನ ಯಾರೂ ಕೇಳ್ಲಿಲ್ಲ. ತಾಲ್ಲೂಕು ಕಚೇರಿಗೆ ಹೋಗಿದ್ರಾ ಅಂತ ಅಜ್ಜಿನ ವಿಚಾರಿಸಿದೆ. 'ಅಲ್ಲಿಗ್ಯಾಕೆ, ಜಗಲಿ ಮೇಲೇ ಆಯ್ತಲ್ಲ' ಅಂದ್ರು. ಆಮೇಲೆ ದೇವರಾಜ ಅರಸು ಸರ್ಕಾರದ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಆ ದಿನದ ಮುಂಚೆ ಉಳುತ್ತಿದ್ದವನು ಫಾರಂ ನಂಬರ್ 7 ಹಾಕಿ, ಭೂ ನ್ಯಾಯಮಂಡಳಿ ಮುಂದೆ ಸಾಬೀತು ಮಾಡಿದ್ರೆ ಹೊಲ ಅವನದ್ದು. ತಾತ ಆಗ ಉಳುತ್ತಿರಲಿಲ್ಲ. ಪಹಣಿಯಲ್ಲಿ ಹೆಸರಿರಲಿಲ್ಲ. ಇದ್ದಿದ್ದು ಸ್ವಇಚ್ಛೆ ಅಂತ ಬರೆದ ಒಂದು ಕಾಗದ. ಏಳು ವರ್ಷ ಮುಂಚೆ ಬಿಟ್ಟಿದ್ದಕ್ಕೆ ಒಂದೂವರೆ ಎಕರೆ ಹೋಯ್ತು. ಎರಡು ಪಲ್ಲ ರಾಗಿಗೆ, ಒಂದು ಸೀರೆಗೆ.

ನೀವು ಕೇಳಬಹುದು, ನಮಗೆ ಹೊಲ ಇಲ್ಲ, ಅಂಗಡಿ ಇಲ್ಲ, ಬೆಂಗಳೂರಲ್ಲಿ ಒಂದು ಮನೆ ಲೀಸಿಗೆ ಹಾಕ್ಕೊಂಡಿದ್ದೀವಿ, ನಮಗೇನು? ಇದೆ, ಕೇಳಿ.

ನಮ್ಮ ಕಡೆ ಮನೆ 'ಲೀಸಿಗೆ' ಅಂದ್ರೆ ಬಹಳ ಸಲ ಬಾಡಿಗೆ ಅಲ್ಲ, ಭೋಗ್ಯ. ಒಂದೇ ಸಲ 5 ಲಕ್ಷನೋ 10 ಲಕ್ಷನೋ ಕೊಡ್ತೀವಿ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಅಷ್ಟೂ ವಾಪಸ್. ಇದು ಬಹಳ ಹಳೇ ಯೋಚನೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಭೋಗ್ಯದ ಅಡಮಾನ ಇದೆ. ಅನುಭವಿಸೋಕೆ ಕೊಟ್ಟ ಅಡಮಾನದ ಆಸ್ತಿ ಎಷ್ಟು ಕಾಲ ಆದ್ರೂ ಒಡೆಯನ ಕೈ ತಪ್ಪಲ್ಲ ಅನ್ನೋದು ಅದರ ನಿಯಮ. ಆ ಸ್ಮೃತಿಗೆ ಮಿತಾಕ್ಷರಾ ಅನ್ನೋ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದಿದ್ದು ನಮ್ಮ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಆಗಿನ ಚಿಂತೆ, ಆಸ್ತಿ ಕೊಟ್ಟವನಿಗೆ ಆಸ್ತಿ ವಾಪಸ್ ಸಿಗ್ಬೇಕು ಅಂತ. ಈಗಿನ ಚಿಂತೆ ಉಲ್ಟಾ: ದುಡ್ಡು ಕೊಟ್ಟವನಿಗೆ ದುಡ್ಡು ವಾಪಸ್ ಸಿಗುತ್ತಾ?

ಯಾಕಂದ್ರೆ ಭೋಗ್ಯದ ಓನರ್ ಆ ದುಡ್ಡನ್ನ ಬೀರುವಲ್ಲಿ ಇಟ್ಟಿರಲ್ಲ. ಮನೆ ಕಟ್ಟಿದ ಸಾಲಕ್ಕೋ, ಮಗಳ ಮದುವೆಗೋ ಹಾಕಿರ್ತಾರೆ. ನೀವು ಮಧ್ಯದಲ್ಲಿ ಬಿಡ್ತೀನಿ ಅಂದ್ರೆ ಬರೋ ಉತ್ತರ ಒಂದೇ: 'ಬೇರೆಯವರು ಬರ್ಲಿ, ಕೊಡ್ತೀನಿ.' ದಕ್ಷಿಣ ಕೊರಿಯಾದಲ್ಲಿ ಇದೇ ಪದ್ಧತಿಗೆ ಜಾನ್ಸೆ ಅಂತಾರೆ. ಅಲ್ಲೂ ಬರೋವನ ದುಡ್ಡಲ್ಲೇ ಹೋಗೋವನಿಗೆ ಕೊಡೋದು. 2022ರಲ್ಲಿ ಮನೆ ಬೆಲೆ ಬಿದ್ದಾಗ ಸರಪಳಿ ಕಡಿದು ಸಾವಿರಾರು ಜನ, ಹೆಚ್ಚಿನವರು ನಮ್ಮ ವಯಸ್ಸಿನವರೇ, ದುಡ್ಡು ಕಳ್ಕೊಂಡ್ರು. ವಂಚನೆಗಳೂ ಹೊರಗೆ ಬಂದ್ವು. 2023ರ ಮೇನಲ್ಲಿ ಅಲ್ಲಿನ ಸಂಸತ್ತು ಅವರಿಗೋಸ್ಕರ ವಿಶೇಷ ಕಾಯ್ದೆ ಮಾಡ್ತು. ಹಾಗಾಗಿ ಭೋಗ್ಯ ಅಂದ್ರೆ ನೀವು ಓನರ್‌ಗೆ ಸಾಲ ಕೊಟ್ಟಿದ್ದೀರಿ ಅಂತ ತಿಳ್ಕೊಳ್ಳಿ. ಆ ಕಾಗದ ನೋಂದಣಿ ಆಗಿರ್ಬೇಕು. ಬರೀ ಸ್ಟಾಂಪ್ ಪೇಪರ್ ಸಾಲದು.

ವಾಪಸ್ ಕೆಂಗಲ್‌ಗೆ. ಓನರ್ ಕೊಟ್ಟ 16,000ದ ಲೆಕ್ಕ ಸರೀನಾ?

ಬಿಕಾಂನಲ್ಲಿ ಬ್ಯುಸಿನೆಸ್ ಲಾ ಪೇಪರ್‌ಗೆ ಒಪ್ಪಂದ ಕಾಯ್ದೆಯ 73, 74ನೇ ಕಲಂ ಬಾಯಿಪಾಠ ಮಾಡಿ ಪಾಸಾದವನು ನಾನು. ಅರ್ಥ ಆಗಿದ್ದು ಆ ಕ್ಯಾಲೆಂಡರ್ ನೋಡಿದ್ಮೇಲೆ. 1872ರ ಆ ಕಾಯ್ದೆ ಹೇಳೋದು, ಒಪ್ಪಂದ ಮುರಿದವನು ನಷ್ಟ ತುಂಬಿಕೊಡ್ಬೇಕು, ನಿಜ. ಆದ್ರೆ ಎದುರಿನವನು ಆ ನಷ್ಟ ಕಡಿಮೆ ಮಾಡ್ಕೊಳ್ಳೋಕೆ ಏನು ದಾರಿ ಇತ್ತು ಅನ್ನೋದನ್ನೂ ನೋಡ್ಬೇಕು. ಬೀಗ ಹಾಕಿ, ಕಾಲು ಚಾಚಿ ಕೂತು, 13 ತಿಂಗಳೂ ನಿಂದೇ ಅನ್ನೋ ಹಾಗಿಲ್ಲ. ದಂಡ ಇಷ್ಟು ಅಂತ ಬರೆದಿದ್ರೂ ಅದು ಮೇಲ್ಮಿತಿ ಅಷ್ಟೇ, ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು. 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಚೆನ್ನಾಗಿ ಬಿಡಿಸಿ ಹೇಳ್ತು. ಅದು ಬಾಡಿಗೆ ಕೇಸಲ್ಲ, ಹರಾಜಿನದ್ದು. ಪ್ರಾಧಿಕಾರ 78 ಲಕ್ಷದ ಮುಂಗಡ ಮುಟ್ಟುಗೋಲು ಹಾಕ್ಕೊಂಡಿತ್ತು. ಅದೇ ನಿವೇಶನ ಮರುಹರಾಜಲ್ಲಿ ಮೂರು ಪಟ್ಟಿಗೂ ಹೆಚ್ಚು ಬೆಲೆಗೆ ಹೋಯ್ತು. ನಷ್ಟವೇ ಇಲ್ಲ ಅಂದ್ಮೇಲೆ ಮುಟ್ಟುಗೋಲು ಹೆಂಗೆ, ದುಡ್ಡು ವಾಪಸ್ ಕೊಡಿ ಅಂತು ಕೋರ್ಟ್.

ಇನ್ನೊಂದು ವಿಷ್ಯ ಇತ್ತು. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು. ಎಲ್ಲರೂ 11 ತಿಂಗಳ ಅಗ್ರಿಮೆಂಟ್ ಮಾಡೋದು ಅದನ್ನ ತಪ್ಪಿಸ್ಕೊಳ್ಳೋಕೇ. ಚಿಕ್ಕಪ್ಪನ 3 ವರ್ಷದ ಕಾಗದ ನೋಂದಣಿ ಆಗಿರಲಿಲ್ಲ. ಇಂಥ ಲೀಸನ್ನ ಕೋರ್ಟುಗಳು ತಿಂಗಳಿಂದ ತಿಂಗಳ ಬಾಡಿಗೆ ಅಂತಲೇ ನೋಡ್ತವೆ. ಅಂದ್ರೆ 15 ದಿನದ ನೋಟಿಸ್ ಸಾಕಿತ್ತು! ಕುಣಿಯೋಕೆ ಹೋಗ್ಬೇಡಿ, ಅದರ ಇನ್ನೊಂದು ಮುಖ ಕೇಳಿ: ವ್ಯಾಪಾರ ಚೆನ್ನಾಗಿದ್ದಾಗ ಓನರ್ ಕೂಡ ಚಿಕ್ಕಪ್ಪನ್ನ 15 ದಿನದಲ್ಲಿ ಬಿಡು ಅನ್ನಬಹುದಿತ್ತು.

ನಾನು ಇದನ್ನೆಲ್ಲ ಹೇಳಿ ಜಗಳಕ್ಕೆ ರೆಡಿಯಾಗಿದ್ದೆ. ಚಿಕ್ಕಪ್ಪ ಬೇಡ ಅಂದ್ರು. ಓನರ್‌ಗೂ ವಯಸ್ಸಾಗಿದೆ, ಅಂಗಡಿ ಕಟ್ಟಿದ ಸಾಲದ ಕಂತು ಇನ್ನೂ ಇದೆ, ಅದೇ ರಸ್ತೆ ಅವರನ್ನೂ ಬಿಟ್ಟು ಹೋಗಿದೆ. ಕೋರ್ಟಿಗೆ ಹೋಗದೆ ಹಳೇ ಪದ್ಧತಿ ಹಿಡಿದ್ವಿ, ರಾಜೀನಾಮೆ–ಕಬೂಲಾಯಿತಿ ಜೋಡಿ. ಹೊಸಬರನ್ನ ಹುಡುಕಿದ್ವಿ. ಮೂರು ತಿಂಗಳಾದ್ಮೇಲೆ ಆಗಸ್ಟಲ್ಲಿ ಒಬ್ರು ಪಂಕ್ಚರ್ ಅಂಗಡಿಗೆ ಬಂದ್ರು, 5,000 ಬಾಡಿಗೆಗೆ.

ಆಗ ಕೂತು ನಿಜವಾದ ಲೆಕ್ಕ ಹಾಕಿದ್ವಿ. ಖಾಲಿ ಇದ್ದ 3 ತಿಂಗಳಿಗೆ 24,000. ಮಿಕ್ಕ 10 ತಿಂಗಳಿಗೆ ಬಾಡಿಗೆಯ ವ್ಯತ್ಯಾಸ 3,000ದಂತೆ 30,000. ಒಟ್ಟು ನಷ್ಟ 54,000. ಓನರ್ ಹೇಳಿದ್ದು 1,04,000, ನೋಂದಣಿ ಆಗದ ಕಾಗದದ ಲೆಕ್ಕದಲ್ಲಿ ಅರ್ಧ ತಿಂಗಳ ಬಾಡಿಗೆ 4,000. ನಡುವೆ ಎಳೆದಾಡಿ 40,000ಕ್ಕೆ ನಿಂತ್ವಿ. 80,000 ವಾಪಸ್ ಬಂತು, ಎರಡು ಕಂತಲ್ಲಿ.

ಯಾರು ಗೆದ್ರು? ಯಾರೂ ಇಲ್ಲ. ಆದ್ರೆ ಈ ಸಲ ಲೆಕ್ಕ ಇಬ್ಬರ ಕಣ್ಣ ಮುಂದೆ ಆಯ್ತು. ನೂರೈವತ್ತು ವರ್ಷದ ಈ ಇತಿಹಾಸದಲ್ಲಿ ನನಗೆ ಕಂಡಿದ್ದು ಇಷ್ಟೇ. ಒಡೆಯ ಒಳ್ಳೆಯವನಾ ಕೆಟ್ಟವನಾ ಅನ್ನೋದು ಮೊದಲ ಪ್ರಶ್ನೆ ಅಲ್ಲ. ತಾತನ ಒಡೆಯರು ಕಾಫಿ ಕೊಟ್ರು, ಚಿಕ್ಕಪ್ಪನ ಓನರ್ ಮುಖ ಗಂಟು ಹಾಕ್ಕೊಂಡ್ರು. ಹೋಗಿದ್ದು ಎಲ್ಲಿ ಜಾಸ್ತಿ? ಕಾಫಿ ಕುಡಿದ ಕಡೆ. ಬಿಡೋ ಕಾಗದದಲ್ಲಿ ಒಪ್ಪಿಗೆ ಯಾರದು, ಖಾಲಿ ಬಿದ್ದ ದಿನಗಳ ನಷ್ಟ ಯಾರದು, ಈ ಎರಡು ಪ್ರಶ್ನೆಗೆ ಉತ್ತರ ಎಲ್ಲಿ ಬರೆದಿದೆ ಅನ್ನೋದೇ ಮುಖ್ಯ.

ಹಾಗಾಗಿ ಮುಂದಿನ ಸಲ ಮನೆನೋ ಅಂಗಡಿನೋ ಹಿಡಿಯುವಾಗ, ಬಿಡೋ ದಿನದ ಮಾತನ್ನ ಹಿಡಿಯೋ ದಿನವೇ ಬರೆಸಿ. ನೋಟಿಸ್ ಎಷ್ಟು ದಿನ, ಮಧ್ಯದಲ್ಲಿ ಬಿಟ್ರೆ ಎಷ್ಟು ತಿಂಗಳ ಬಾಡಿಗೆ ಕಡಿತ, ನಾವೇ ಬೇರೆಯವರನ್ನ ತಂದ್ರೆ ಏನು, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್. ಬಿಡುವಾಗ ಬರೀ ಬೀಗದ ಕೈ ಕೊಟ್ಟು ಬರ್ಬೇಡಿ, ಕೊಟ್ಟ ದಿನಾಂಕ ಹಾಕಿಸಿ ಸಹಿ ಇಸ್ಕೊಳ್ಳಿ.

80,000 ಬಂದ ದಿನ ಚಿಕ್ಕಪ್ಪ, ಓನರ್ ಇಬ್ರೂ ಸಹಿ ಮಾಡಿದ ಕಾಗದ ತಂದು ಅಜ್ಜಿಗೆ ತೋರಿಸಿದ್ರು. ಅಜ್ಜಿಗೆ ಓದೋಕೆ ಬರಲ್ಲ. ಬೆರಳಲ್ಲಿ ಎರಡೂ ಸಹಿ ಮುಟ್ಟಿ ನೋಡಿ, 'ಅವರದ್ದೂ ಇದೆಯಲ್ಲ, ಸರಿ' ಅಂದ್ರು. ಆಮೇಲೆ ಟ್ರಂಕ್ ತೆಗೆದು, 1967ರ ಕಾಗದದ ಮೇಲೆ ಅದನ್ನ ಇಟ್ರು.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಟ್ರಂಕಲ್ಲೂ ಇಂಥ ಹಳೇ ಕಾಗದ ಇದ್ರೆ, ಈ ವಾರ ಒಂದ್ಸಲ ದೊಡ್ಡವರ ಹತ್ರ ಕೂತು ಓದಿಸಿ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.